ಒಲಿಂಕಾ ಕಟ್ಟಿದ ಮೀನು

ತಪ್ಪು ತನ್ನದೇ ಇರಬಹುದೇ? ಬೆಳಗಿನಿಂದ ಒಲಿಂಕಾ ಇದನ್ನೇ ಮನಸ್ಸಿನಲ್ಲಿ ನೂರು ಸಲ ಕೇಳಿಕೊಂಡಿದ್ದಳು.

"ಬಿಸಿಲಲ್ಲಿ ಬಿಟ್ಟಿದ್ಯಾ? ನಿಜ ಹೇಳು!" ನದಿ ದಡದಲ್ಲಿ ಮೀನು ಕೊಯ್ಯುತ್ತಿದ್ದ ಅಜ್ಜಿ ಅರ್ಧಚಂದ್ರದಂಥ ಕತ್ತಿಯನ್ನು ಹಲಗೆಯ ಮೇಲೆ ಕುಕ್ಕಿದಳು. ಸಾಲ್ಮನ್ ಮೀನಿನ ಕೆಂಪು ಮಾಂಸ ನೆನೆದ ಬ್ರೆಡ್ಡಿನ ಹಾಗೆ ಉದುರುತ್ತಿತ್ತು.

"ಇಲ್ಲಜ್ಜಿ. ತಣ್ಣಗಿರಲಿ ಅಂತ ನಿನ್ನೆ ಸಂಜೆಯೇ ನದಿಯಲ್ಲಿ ಕಟ್ಟಿದ್ದೆ."

"ನದಿಯಲ್ಲಿ ಕಟ್ಟಿದ ಮೀನು ಹೀಗಾಗುತ್ತಾ? ನಮ್ಮಜ್ಜಿ ಕಾಲದಿಂದ ಅಲ್ಲೇ ಕಟ್ತಿದೀವಿ. ಬೆಳಗ್ಗೆ ಕಲ್ಲಿನ ಹಾಗೆ ಗಟ್ಟಿ ಇರ್ತಿತ್ತು!"

ಅದು ಈ ಬೇಸಿಗೆಯ ಮೊದಲ ಮೀನು. ಮೊದಲನೆಯದನ್ನು ಮನೆಯವರು ತಿನ್ನುವಂತಿಲ್ಲ, ಊರಿನ ಹಿರಿಯರಿಗೆ ಕೊಡಬೇಕು. ಪಕ್ಕದ ಮನೆಯ ಮತ್ರೋನಜ್ಜಿ ಆಗಲೇ ಒಲೆಯ ಮೇಲೆ ಪಾತ್ರೆ ಇಟ್ಟು ಕಾಯುತ್ತಿದ್ದಳು. ಎರಡು ಸಲ ಕಿಟಕಿಯಿಂದ ಇಣುಕಿಯೂ ಆಗಿತ್ತು.

"ಮೀನುಗಾರಿಕೆ ಆಫೀಸಿನವರು ವಾರಕ್ಕೆ ಎರಡೇ ದಿನ ಬಲೆ ಹಾಕೋಕೆ ಬಿಡ್ತಾರೆ," ಆಗಷ್ಟೇ ದಡಕ್ಕೆ ಬಂದ ವಾಸಿಲಿ ಮಾವ ದೋಣಿಯಿಂದಲೇ ಗೊಣಗಿದ. "ನಿನ್ನೆ ಸಿಕ್ಕಿದ್ದು ಒಂದೇ ಒಂದು. ಅದನ್ನೂ ಈ ಮಹಾರಾಣಿ ಹಾಳು ಮಾಡಿದ್ಲು."

"ಮಾವಾ, ನಾನೇನೂ..."

"ಫೋನ್ ಕೈಯಲ್ಲಿದ್ರೆ ನದಿ ಯಾವುದು, ದಡ ಯಾವುದು ಅಂತಾನೂ ಗೊತ್ತಾಗಲ್ಲ ನಿಂಗೆ! ಇದನ್ನ ನಾನೇ ಕಟ್ತೀನಿ. ನೋಡಿ ಕಲಿ."

ಅವನ ಕೈಯಲ್ಲಿ ಆಗತಾನೇ ಬಲೆಗೆ ಬಿದ್ದ ಇನ್ನೊಂದು ಮೀನಿತ್ತು. ಸಮುದ್ರದಿಂದ ಇಲ್ಲಿಯವರೆಗೆ ಪ್ರವಾಹಕ್ಕೆದುರಾಗಿ ಈಜಿ ಬಂದದ್ದು. ಬಾಲ ಬಡಿಯುವಷ್ಟೂ ಶಕ್ತಿಯಿಲ್ಲದೆ ಜೋತುಬಿದ್ದಿತ್ತು. ಮಾವ ಅದರ ಕಿವಿರಿಗೆ ಹಗ್ಗ ಪೋಣಿಸಿ, ತೊಡೆಯವರೆಗಿನ ರಬ್ಬರ್ ಬೂಟಿನಲ್ಲಿ ನೀರಿಗಿಳಿದ.

ಒಲಿಂಕಾ ನಿನ್ನೆ ಬರಿಗಾಲಲ್ಲಿ ಇಳಿದಿದ್ದಳು. ಹಿಮದ ನಾಡಿನ ಈ ಕುಸ್ಕೋಕ್ವಿಮ್ ನದಿಯ ನೀರೆಂದರೆ ಬೇಸಿಗೆಯಲ್ಲೂ ಕಾಲು ಮರಗಟ್ಟಬೇಕು, ಹಲ್ಲು ಕಟಕಟ ಎನ್ನಬೇಕು. ನಿನ್ನೆ ಹಾಗಾಗಲೇ ಇಲ್ಲ. ಮೊಣಕಾಲುದ್ದ ನೀರಿನಲ್ಲಿ ಬೆರಳಾಡಿಸುತ್ತಾ ಎಷ್ಟೋ ಹೊತ್ತು ನಿಂತೇ ಇದ್ದಳು. ಹೇಳಿದರೆ 'ಆಟ ಆಡ್ಕೊಂಡಿದ್ಯಾ' ಎಂದು ಬೈಯುತ್ತಾರೆ. ಅದಕ್ಕೇ ಯಾರಿಗೂ ಹೇಳಲಿಲ್ಲ.

ಮಾವ ಮೀನನ್ನು ನೀರಿಗೆ ಬಿಟ್ಟ. ಅದು ಈಜಲಿಲ್ಲ. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ನೀರೊಳಗಿದ್ದೂ ಅದಕ್ಕೆ ಉಸಿರು ಸಾಲುತ್ತಿರಲಿಲ್ಲ.

"ಮಾವಾ, ಬೇಡ! ಎತ್ತು ಅದನ್ನ!"

"ಏನೇ ನಿನ್ನ ಗೋಳು?" ಅಜ್ಜಿ ರೇಗಿದಳು.

ಒಲಿಂಕಾ ಅಜ್ಜಿಯ ಕಡೆ ತಿರುಗಿದಳು.

"ನದಿ ಬೆಚ್ಚಗಿದೆ ಅಜ್ಜಿ. ನಂಗೆ ನಿನ್ನೇನೇ ಗೊತ್ತಾಯ್ತು. ಹಿತವಾಗಿತ್ತು... ಅದಕ್ಕೇ ಹೇಳಲಿಲ್ಲ."