ಐದೂವರೆಗೆ ಬೆಳಗಾಗುವ ಗಡಿಯಾರ

"ಸರ್ವರ್ ಎಲ್ಲಿಟ್ಟೀರಿ?" ಎಂದು ಸೋಮಪ್ಪ ಕಾಕಾ ಕೇಳಿದರೆ, ಆಮ್ರಪಾಲಿ ಸ್ವಲ್ಪವೂ ತಡವರಿಸದೆ "ಸರ್ವರ್ ಇಲ್ರಿ ಕಾಕಾ" ಅಂದುಬಿಟ್ಟಳು.

ಗೋಕಾಕದಲ್ಲಿ, ಕರದಂಟಿನ ಅಂಗಡಿಯ ಮೇಲಿನ ಮಹಡಿಯ ಆ ಪುಟ್ಟ ಸಾಫ್ಟ್‌ವೇರ್ ಆಫೀಸಿಗೆ ಕಾಕಾ ಒಂದು ಕೆಲಸ ಹಿಡಿದುಕೊಂಡು ಬಂದಿದ್ದರು. ಸೋಮಪ್ಪ, ಮೂಡಲಗಿ ಕಡೆಯ ಒಂದು ಕಾಲುವೆಯ ನೀರು ಬಳಕೆದಾರರ ಸಂಘದ ಅಧ್ಯಕ್ಷರು. ಯಾವ ದಿನ ಯಾರ ಹೊಲಕ್ಕೆ ನೀರು ಎಂಬ ಪಾಳಿಯನ್ನು ಇಷ್ಟು ವರ್ಷ ಗೋಡೆಯ ಮೇಲಿನ ಹಲಗೆಯಲ್ಲಿ ಬರೆಯುತ್ತಿದ್ದರು. ಈಗ ಫೋನಿನಲ್ಲಿ ಮೆಸೇಜ್ ಹಾಕಿದರೆ ಉತ್ತರ ಬರಬೇಕು, ಅದು ಅವರ ಆಸೆ.

"ಸರ್ವರ್ ಇಲ್ದ ಉತ್ತರ ಯಾರು ಕೊಡ್ತಾರವ್ವಾ?"

"ಕ್ಲೌಡ್‌ನ್ಯಾಗ ಒಂದು ಸಣ್ಣ ಫಂಕ್ಷನ್ ಇರತೈತ್ರಿ. ಯಾರರ ಕೇಳಿದ್ರ ಎಚ್ಚರಾಗಿ, ಪಾಳಿ ಯಾರದಂತ ಹೇಳಿ, ಮತ್ತ ಮಲಗತೈತಿ. ದಿನಾ ಇಪ್ಪತ್ನಾಕು ತಾಸು ಮಿಷನ್ ಓಡಿಸೋ ತ್ರಾಸ ಇಲ್ಲ."

"ನಮ್ಮ ಅಳಿಯಾನ ಹಂಗ ಅನ್ನು. ಊಟಕ್ಕ ಕರದಾಗಷ್ಟ ಏಳ್ತಾನ."

ಬಾಜೂ ಕುರ್ಚಿಯಲ್ಲಿದ್ದ ಕೇದಾರಿ ಫಕ್ಕನೆ ನಕ್ಕುಬಿಟ್ಟ. ಆಮ್ರಪಾಲಿ ಕತ್ತು ತಿರುಗಿಸದೆ ಕಣ್ಣನ್ನಷ್ಟೇ ತಿರುಗಿಸಿ ಅವನನ್ನು ನೋಡಿದಳು. ಸಿಟ್ಟು ಬಂದಿದೆ ಎಂದು ತೋರಿಸಲು ಹುಬ್ಬು ಗಂಟಿಕ್ಕಿದ್ದಳು, ಆದರೆ ತುಟಿಯ ಒಂದು ತುದಿ ಮಾತು ಕೇಳದೆ ಮೇಲೇರಿತ್ತು. ಕೇದಾರಿಗೆ ಅಷ್ಟೇ ಸಾಕಾಯಿತು, ಇಡೀ ದಿನ ಏನು ಟೈಪ್ ಮಾಡಿದನೋ ಅವನಿಗೇ ತಿಳಿಯದು.

ಕೊಣ್ಣೂರಿನ ಈ ಹುಡುಗ ಆರು ತಿಂಗಳಿಂದ ಹೇಳಬೇಕು ಹೇಳಬೇಕು ಎಂದು ಅಂದುಕೊಳ್ಳುತ್ತಲೇ ಇದ್ದ. ಎದೆ ಗಟ್ಟಿ ಮಾಡಿಕೊಂಡು ಅವಳ ಟೇಬಲ್ ತನಕ ಹೋಗುತ್ತಿದ್ದ, "ಚಾ ತರಸ್ಲೇನ್ರಿ?" ಎಂದು ಕೇಳಿ ವಾಪಸ್ಸಾಗುತ್ತಿದ್ದ. ಪ್ರೀತಿಯ ಹೆಸರಲ್ಲಿ ಆ ಆಫೀಸಿನವರು ಕುಡಿದ ಚಹಾಕ್ಕೆ ಲೆಕ್ಕವಿಲ್ಲ.

ಶನಿವಾರ ಸಂಜೆ ಕೆಲಸ ಮುಗಿಯಿತು. ಆಮ್ರಪಾಲಿಯ ಊರು ಹುಕ್ಕೇರಿ ತಾಲೂಕಿನ ದಡ್ಡಿ. ಬಸ್ಸಿಗೆ ಹೊತ್ತಾಗಿತ್ತು.

"ಕೇದಾರಿಯವರ, ನಂದೆಲ್ಲಾ ಮುಗದೈತಿ. ಟೆಸ್ಟ್ ಒಂದ್ಸಲ ಓಡಿಸಿ, ಡಿಪ್ಲಾಯ್ ಮಾಡಿ ಕ್ಲೌಡ್‌ಗೆ ಏರಿಸ್ರಿ. ಮತ್ತೇನೂ ಮುಟ್ಟಬ್ಯಾಡ್ರಿ."

"ನಾ ಯಾಕ ಮುಟ್ಟಲಿ?"

"ನಿಮ್ಮ ಕೈ ಸುಮ್ಮನ ಇರೂದಿಲ್ಲ, ಅದಕ್ಕ ಹೇಳಿದೆ" ಎಂದು ನಕ್ಕು, ದುಪಟ್ಟಾ ಹೆಗಲಿಗೆ ಎಸೆದುಕೊಂಡು ಮೆಟ್ಟಿಲು ಇಳಿದೇಬಿಟ್ಟಳು.

ಅವನು ಕೋಡ್ ತೆರೆದ. ಅವಳು ಬರೆದ ಸಾಲುಗಳನ್ನು ಓದುವುದೇ ಒಂದು ಸುಖ, ಅಷ್ಟು ಅಚ್ಚುಕಟ್ಟು. ಆದರೆ ಒಂದು ಕಡೆ ಕಣ್ಣು ನಿಂತಿತು. ಫಂಕ್ಷನ್ ದಿನಾಂಕವನ್ನು ಕ್ಲೌಡಿನ ಗಡಿಯಾರದಿಂದ ತೆಗೆದುಕೊಳ್ಳುತ್ತಿತ್ತು. ಆ ಗಡಿಯಾರ ನಮಗಿಂತ ಐದೂವರೆ ತಾಸು ಹಿಂದೆ. ಇಲ್ಲಿ ನಸುಕಿನ ಐದೂವರೆ ಆದಾಗ ಅಲ್ಲಿ ದಿನ ಬದಲಾಗುತ್ತದೆ.

ಅಯ್ಯೋ ಪಾಪ, ಮರೆತಿದ್ದಾಳೆ ಅನ್ನಿಸಿತು ಅವನಿಗೆ. ಫೋನ್ ಮಾಡಿ ಹೇಳಬಹುದಿತ್ತು. ಆದರೆ ಮನಸೋತವನ ಬುದ್ಧಿ ನೆಟ್ಟಗೆ ಎಲ್ಲಿ ಓಡುತ್ತದೆ? ನಾಲ್ಕು ಮಂದಿಯ ಮುಂದೆ ಅವಳು ತಪ್ಪು ಅನ್ನಿಸಿಕೊಳ್ಳಬಾರದು, ತಾನು ತಿದ್ದಿದ್ದು ಅವಳಿಗೂ ಗೊತ್ತಾಗಬಾರದು ಎಂದುಕೊಂಡು, ಗಡಿಯಾರವನ್ನು ಭಾರತದ ಸಮಯಕ್ಕೆ ಹೊಂದಿಸಿ, ದಿನ ನಡುರಾತ್ರಿಗೇ ಬದಲಾಗುವಂತೆ ಮಾಡಿ ಡಿಪ್ಲಾಯ್ ಒತ್ತಿದ. ತೆರೆಯ ಮೇಲೆ ಹಸಿರು ಗುರುತು ಮೂಡಿತು. ಸೀಟಿ ಹೊಡೆಯುತ್ತಾ ಮನೆಗೆ ಹೋದ.

ಸೋಮವಾರ ಬೆಳಗಾಗುತ್ತಲೇ ಇಬ್ಬರಿಗೂ ಸೋಮಪ್ಪ ಕಾಕಾನ ಫೋನು ಬಂತು. "ಲಗೂನ ಬರ್ರಿ ಇಬ್ಬರೂ. ಇಲ್ಲಿ ಮಂದಿ ಬಡದಾಡಾಕ ನಿಂತೈತಿ. ಸಭಾ ಆಗೂತನಕ ನಿಮ್ಮದು ಬಂದ್ ಇಡ್ರಿ."

ಕೇದಾರಿ ಆಫೀಸು ತೆರೆಯುವ ತನಕ ಕಾದು, ಅದನ್ನು ಬಂದ್ ಮಾಡಿ ಬೈಕ್ ಏರಿ ಹೊರಟ. ಸಂಘದ ಕಟ್ಟೆ ತಲುಪಿದಾಗ ಆಮ್ರಪಾಲಿ ಹುಕ್ಕೇರಿಯಿಂದ ಬಸ್ಸಿನಲ್ಲಿ ಬಂದು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಇವನತ್ತ ನೋಡಲಿಲ್ಲ.

ಆದದ್ದಿಷ್ಟು. ರಾಯವ್ವ ಎಂಬ ರೈತ ಹೆಂಗಸು ನಡುರಾತ್ರಿ ದಾಟಿದ ಮೇಲೆ ಎಚ್ಚರವಾಗಿ "ಯಾರ ಪಾಳಿ?" ಎಂದು ಮೆಸೇಜ್ ಹಾಕಿದ್ದಳು. "ರಾಯವ್ವ" ಎಂದು ಉತ್ತರ ಬಂದಿತ್ತು. ಟಾರ್ಚ್ ಹಿಡಿದು ಹೋಗಿ, ಹಿಂದಿನ ದಿನದ ಪಾಳಿಯ ದುರ್ಗಪ್ಪನ ಹೊಲಕ್ಕೆ ಹರಿಯುತ್ತಿದ್ದ ನೀರು ತನ್ನ ಕಡೆ ತಿರುಗಿಸಿದ್ದಳು. ಅವನ ಕಬ್ಬು ಅರ್ಧ ನೆನೆದು ಅರ್ಧ ಒಣಗೇ ನಿಂತಿತ್ತು.

"ಪಾಳಿ ಬದಲಾಗೂದು ನಡರಾತ್ರಿ ಅಲ್ಲ" ಎಂದು ದುರ್ಗಪ್ಪ ಗುಡುಗಿದ. "ನಸಿಕಿನ್ಯಾಗ, ಐದೂವರಿಗೆ. ನಮ್ಮಜ್ಜನ ಕಾಲದಿಂದ ಹಂಗ ಐತಿ. ಕತ್ತಲದಾಗ ಗೇಟ್ ಮುಟ್ಟಬಾರದು ಅಂತ ಕಾಯ್ದೆ."

ಐದೂವರೆ! ಕೇದಾರಿಗೆ ಈಗ ತಿಳಿಯಿತು. ಅವಳು ಮರೆತಿರಲಿಲ್ಲ. ಮೂರು ದಿನ ಇದೇ ಕಟ್ಟೆಯ ಮೇಲೆ ಕೂತು, ಎಲ್ಲ ಕೇಳಿ ತಿಳಿದು, ಕ್ಲೌಡಿನ ದಿನವೂ ಈ ಊರಿನ ದಿನವೂ ಒಂದೇ ಹೊತ್ತಿಗೆ ಹುಟ್ಟುತ್ತವೆಂದು ಕಂಡುಕೊಂಡು ಹಾಗೆ ಬರೆದಿದ್ದಳು. ಇವನು ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ.

"ಇದನ್ನ ತಗದು ಒಗೀರಿ. ನಮಗ ಹಲಗೀನ ಬೇಸಿ" ಅಂದರು ಹಿಂದಿನಿಂದ ಯಾರೋ.

ಆಮ್ರಪಾಲಿ ಎದ್ದು ನಿಂತಳು. "ಕೋಡ್ ನಂದರಿ. ತಪ್ಪಿದ್ರ ನಂದ. ಆದ್ರ ಬಂದ್ ಮಾಡೂಕಿಂತ ಮೊದಲ ತಿದ್ದಾಕ ಒಂದು ಅವಕಾಶ ಕೊಡ್ರಿ."

ಕೇದಾರಿ ಅವಳತ್ತ ನೋಡಿದ. ಬದಲಿಸಿದ್ದು ತಾನೆಂದು ಹೇಳಿದರೆ, ನಂಬಿ ಬಿಟ್ಟುಹೋದ ಕೆಲಸವನ್ನು ಕದ್ದು ಕೆಡಿಸಿದವನು ಎಂದು ಅವಳು ಮತ್ತೆ ಮುಖ ನೋಡಲಿಕ್ಕಿಲ್ಲ. ಸುಮ್ಮನಿದ್ದರೆ ಈ ಊರಲ್ಲಿ ಕೆಡುವುದು ಅವಳ ಹೆಸರು. ಆರು ತಿಂಗಳ ಪ್ರೀತಿ ಒಂದು ಕಡೆ, ಅವಳ ಮರ್ಯಾದೆ ಒಂದು ಕಡೆ. ಅವನು ಕಣ್ಣು ಮುಚ್ಚಿ ಎದ್ದೇ ಬಿಟ್ಟ.

"ಇಲ್ರಿ! ತಪ್ಪು ನಂದು. ಇವರು ಸರೀನ ಬರದಿದ್ರು, ಐದೂವರಿಗೇ ಇತ್ತು. ಇವರಿಗೆ ಕೇಳದ ನಾ ಬದಲ ಮಾಡಿದೆ."

"ಯಾಕ ಮಾಡಿದ್ಯೋ ತಮ್ಮಾ?" ಎಂದಳು ರಾಯವ್ವ.

"ಇವರು ತಪ್ಪ್ಯಾರ ಅಂತ ತಿಳದೆ. ನಿಮ್ಮೆಲ್ಲರ ಮುಂದ ಇವರನ್ನ ಯಾರೂ ಅನ್ನಬಾರದು ಅಂತ..." ಅನ್ನುವಷ್ಟರಲ್ಲಿ ಅವನ ಕಿವಿ ಕೆಂಪಾಯಿತು. ರಾಯವ್ವ ಅವನ ಮುಖ ನೋಡಿದಳು, ಆಮ್ರಪಾಲಿಯ ಮುಖ ನೋಡಿದಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ದುರ್ಗಪ್ಪನ ಮೀಸೆಯೂ ಅಲುಗಿತು.

ಆಮ್ರಪಾಲಿ ಮಾತ್ರ ನಗಲಿಲ್ಲ. ಲ್ಯಾಪ್‌ಟಾಪನ್ನು ಅವನ ಕೈಗಿಟ್ಟಳು. "ತಿದ್ದೇನಿ. ಕೆಡಿಸಿದ ಕೈಲೇನ ಒತ್ತ್ರಿ."

ಒತ್ತಿದ. ನಲವತ್ತು ಸೆಕೆಂಡು ಜನರೆಲ್ಲ ಕತ್ತು ಚಾಚಿ ಆ ತೆರೆಯನ್ನೇ ನೋಡಿದರು. ಹಸಿರು ಗುರುತು ಬಂತು. "ನಿನ್ನಿ ರಾತ್ರಿ ಎರಡು ಗಂಟೇಕ ಕೇಳಿದ್ರ ಏನ್ ಅಂತಿತ್ತು, ಈಗ ಕೇಳಿ ನೋಡೋಣ್ರಿ" ಎಂದು ಆಮ್ರಪಾಲಿ ಟೈಪ್ ಮಾಡಿದಳು. ಒಂದು ಕ್ಷಣ ಹೋಯಿತು, ಎರಡು ಹೋಯಿತು, ಉತ್ತರವಿಲ್ಲ.

"ಈಗಷ್ಟ ಏಳಾಕತ್ತೈತ್ರಿ, ಮೊದಲನೇ ಸಲ ಒಂಚೂರು ತಡಾ" ಎಂದಳು ಅವಳು.

"ದುರ್ಗಪ್ಪ" ಎಂದು ತೆರೆಯ ಮೇಲೆ ಮೂಡಿತು. ಬೆಳಿಗ್ಗೆ ಆರರ ಹೊತ್ತು ಕೊಟ್ಟು ಕೇಳಿದರೆ, ಈ ಸಲ ಕಣ್ಣು ಮಿಟುಕಿಸುವುದರೊಳಗೆ "ರಾಯವ್ವ". ಕಟ್ಟೆಯ ಮೇಲೆ ಹೋ ಎಂದು ಗದ್ದಲವೆದ್ದಿತು.

"ಇರಲಿ ಬಿಡ್ರಿ, ನಡೀಲಿ ಇದು. ದುರ್ಗಪ್ಪಾ, ನನ್ನ ಪಾಳ್ಯಾಗಿಂದು ಐದು ತಾಸು ನೀ ತಗೋ" ಎಂದಳು ರಾಯವ್ವ. ಸೋಮಪ್ಪ ಕಾಕಾ ಎಲ್ಲರಿಗೂ ತಿನ್ನಲು ಚುನಮರಿ ತರಿಸಿದರು.

ಗದ್ದಲದ ನಡುವೆ ಕೇದಾರಿ ಕಾಲುವೆಯ ದಂಡೆಗೆ ಬಂದ. ಹಿಂದೆಯೇ ಅವಳೂ ಬಂದಳು.

"ತಪ್ಪಾತ್ರಿ" ಎಂದ ತಲೆ ಎತ್ತದೆ. "ನನ್ನ ಕೂಡ ಮಾತು ಬಿಟ್ರೂ ಅದು ಖರೇನ."

"ಮುಂಜಾನೆ ಆರಕ್ಕ ನನಗ ಗೊತ್ತಾಗೈತಿ. ಯಾರು ಯಾವಾಗ ಡಿಪ್ಲಾಯ್ ಮಾಡಿದ್ರು ಅಂತ ಲಾಗ್‌ನ್ಯಾಗ ಹೆಸರು ಇರೂದಿಲ್ಲೇನು?"

ಅವನು ದಿಗಿಲುಬಿದ್ದು ನೋಡಿದ. "ಮತ್ತ ಮಂದ್ಯಾಗ ನಿಮ್ಮ ತಪ್ಪಂದ್ರಿ?"

"ನೀವು ಏಳ್ತೀರೋ ಇಲ್ಲೋ ನೋಡಬೇಕಿತ್ತು. ಸುಮ್ಮನ ಕುಂತಿದ್ರ ನಾ ಬ್ಯಾರೆ ಕೆಲಸ ನೋಡ್ಕೊಳ್ಳಾಕಿ ಇದ್ದೆ. ಬಸ್ಸಿನ್ಯಾಗ ದಾರಿಗುಂಟ ಅಂಜಕೋತ ಬಂದೇನಿ, ಎಲ್ಲಿ ಕುಂತಬಿಡ್ತಾರೋ ಅಂತ."

ಅಂಜಿಕೆ ಅವಳಿಗೂ ಇತ್ತೇ? ಕೇದಾರಿ ಒಂದು ಹೆಜ್ಜೆ ಹತ್ತಿರ ಬಂದ.

"ಆಮ್ರಪಾಲಿ, ಒಂದು ಕೇಳ್ಲೇನು?"

"ಚಾ ಆದ್ರ ಬ್ಯಾಡ."

"ಚಾ ಅಲ್ಲ. ಲಗ್ನಾ... ನನ್ನ ಲಗ್ನಾ ಆಗ್ತೀರೇನು?"

ಅವಳು ಫೋನ್ ತೆಗೆದು, ಅವನ ಕಣ್ಣಿನಿಂದ ಕಣ್ಣು ತೆಗೆಯದೆ ದಡ್ಡಿಗೆ ಹಚ್ಚಿದಳು.

"ಅವ್ವಾ, ಐತವಾರ ಒಬ್ರು ಮನಿಗೆ ಬರ್ತಾರ, ನನ್ನ ಕೇಳಾಕ... ಹ್ಞೂಂ, ನಾ ಹೇಳಿದ್ನೆಲ್ಲ, ಅವರ... ಹೆಂಗದಾರಂತ ಏನ್ ಹೇಳ್ಲಿ ಅವ್ವಾ? ತಪ್ಪು ಮಾಡ್ತಾರ. ಆದ್ರ ಎದ್ದು ನಿಂತು ನಂದು ಅಂತಾರ."