ಕ್ಯಾಮೆರಾಗಳು ಮಲಗಿದ್ದ ವಾರ

ಬಾಳೇಶನಿಗೆ ಹೆಂಡತಿಯನ್ನು ಕರೆತರಲು ಮನೆ ಇರಲಿಲ್ಲ. ಬೆಂಗಳೂರಿನ ಬಾಪೂಜಿ ನಗರದ ಕೋಣೆಯಲ್ಲಿ ಇನ್ನಿಬ್ಬರ ನಡುವೆ ಒಂದು ಹಾಸಿಗೆಯಷ್ಟು ಜಾಗವಿತ್ತು. ಬಸುರಿ ಹೆಂಡತಿ ಗುರುದೇವಿ ಗದಗದ ತವರಿನಲ್ಲಿದ್ದಳು. ಬಸವೇಶ್ವರನಗರದಲ್ಲಿ ಮಹಡಿ ಮೇಲಿನ ಪೋರ್ಶನ್ ಒಂದನ್ನು ನೋಡಿಟ್ಟಿದ್ದ. ಅಡ್ವಾನ್ಸ್ ಒಂದು ಲಕ್ಷ.

ರಾಜಾಜಿನಗರದ ಒಂದು ಪತ್ತಿನ ಸಹಕಾರ ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಸಂಬಳ ಏರಿಸಿ ಎಂದಾಗಲೆಲ್ಲ ಮ್ಯಾನೇಜರ್ ವರಲಕ್ಷ್ಮಿ ಮುಂದಿನ ಸಭೆಯತ್ತ ಕೈ ತೋರಿಸುತ್ತಿದ್ದರು. ಈಗ ಅವರೇ ಒಂದು ಜವಾಬ್ದಾರಿ ಕೊಟ್ಟರು. ಮೂರು ಶಾಖೆಗಳ ನಡುವೆ ಮಾಹಿತಿಗೆ ದಾರಿ ತೋರಿಸಿ ಕಾವಲು ಕಾಯುತ್ತಿದ್ದ ಹಳೆಯ ಫೈರ್‌ವಾಲ್ ಪೆಟ್ಟಿಗೆ ಪದೇಪದೇ ಕೆಡುತ್ತಿತ್ತು. ಅದೇ ಕೆಲಸವನ್ನು ಕ್ಲೌಡ್‌ನಲ್ಲಿ ಮಾಡಿಕೊಡುವ ಎರಡು ಕಂಪನಿಗಳಲ್ಲಿ ಯಾವುದು ಅಗ್ಗವೆಂದು ಅವನು ಹೋಲಿಸಿ ಹೇಳಬೇಕಿತ್ತು.

ಮೊದಲನೆಯದಕ್ಕೆ ಎಷ್ಟು ಬಳಸಿದರೂ ತಿಂಗಳಿಗೆ ನಲವತ್ತು ಸಾವಿರ. ಎರಡನೆಯದರ ಬಾಡಿಗೆ ಕಡಿಮೆ, ಆದರೆ ಹಾದುಹೋಗುವ ಪ್ರತಿ ಜಿಬಿ ಮಾಹಿತಿಗೂ ಬೇರೆ ದರ. ಎರಡನೆಯದರ ಏಜೆಂಟ್ ಮಹದೇವ್ ವಿಜಯನಗರದಲ್ಲಿ ಕಾಫಿ ಕೊಡಿಸಿ, ಮನೆಯ ವಿಷಯವನ್ನೆಲ್ಲ ಕೇಳಿಸಿಕೊಂಡ. "ಗುರು, ನಮ್ದು ಆಯ್ತು ಅಂದ್ರೆ ನಿನ್ನ ಅಡ್ವಾನ್ಸ್ ನಂದು," ಎಂದ.

ಸುಳ್ಳು ಅಂಕಿ ಬರೆಯುವಷ್ಟು ದಡ್ಡ ಬಾಳೇಶನಲ್ಲ. ನಿಜವಾದ ಅಂಕಿಯನ್ನೇ ಬರೆಯುವುದು, ಅಳೆಯುವ ವಾರವನ್ನು ಮಾತ್ರ ತಾನು ಆರಿಸುವುದು. ಜಿಬಿಗಳನ್ನು ತಿನ್ನುತ್ತಿದ್ದದ್ದು ಹಗಲೂ ರಾತ್ರಿ ವಿಡಿಯೊ ಕಳಿಸುವ ಶಾಖೆಗಳ ಸಿಸಿ ಕ್ಯಾಮೆರಾಗಳು. ಆಯುಧಪೂಜೆಗೆ ಯಂತ್ರಗಳನ್ನೆಲ್ಲ ಒರೆಸಿ, ಕುಂಕುಮ ಹಚ್ಚಿ, ಒಂದು ದಿನ ಬಿಡುವು ಕೊಡುವುದು ಸಂಘದ ಪದ್ಧತಿ. ಆ ನೆಪದಲ್ಲಿ ಕ್ಯಾಮೆರಾಗಳ ಸಂಪರ್ಕ ತೆಗೆದ. ವಾರದವರೆಗೆ ಮತ್ತೆ ಹಾಕಲಿಲ್ಲ. ಆ ವಾರ ಅಳೆದ. ಎರಡನೆಯದು ತಿಂಗಳಿಗೆ ಹದಿನೆಂಟು ಸಾವಿರಕ್ಕೆ ಬಂತು.

ನಿಜವಾದ ಬಿಲ್ಲು ತೊಂಬತ್ತು ಸಾವಿರದ ಆಸುಪಾಸು ಬರುವುದೆಂದು ಅವನಿಗೆ ಗೊತ್ತಿತ್ತು. ಬಳಕೆ ಏರಿದೆ ಎಂದರೆ ಮುಗಿಯಿತು. ಕಟ್ಟುವುದು ಸಂಘ, ಸಂಘದ ಹಣಕ್ಕೆ ಯಾರ ಹೊಟ್ಟೆಯೂ ಉರಿಯುವುದಿಲ್ಲ.

ಸಭೆ ಒಂದೂ ಪ್ರಶ್ನೆ ಕೇಳದೆ ಒಪ್ಪಿತು. ಹೊಸ ವ್ಯವಸ್ಥೆ ಓಡತೊಡಗಿತು. ಮಹದೇವ್ ಮಾತು ಉಳಿಸಿಕೊಂಡ; ಬಾಳೇಶನ ಖಾತೆಗೆ ಒಂದು ಲಕ್ಷ ಬಂತು. ಪೋರ್ಶನ್‌ನ ಹಳೆಯ ಬಾಡಿಗೆದಾರರು ಮುಂದಿನ ತಿಂಗಳ ಕೊನೆಗೆ ಖಾಲಿ ಮಾಡುವವರಿದ್ದರು. ಅಡ್ವಾನ್ಸ್ ಅವರು ಹೋದ ಮೇಲೆ ಕೊಡುವುದೆಂದಾಯಿತು. ಬಾಳೇಶ ಊರಿಗೆ ಫೋನ್ ಮಾಡಿದ.

"ಮನಿ ಸಿಕ್ತು. ತಯಾರಾಗು."

"ನೀರು ಬರ್ತಾವೇನ್ರಿ?"

"ದಿನಾ ಬಿಟ್ಟು ದಿನಾ."

"ಹಂಗಾರ ಗದಗಕಿಂತ ಶ್ರೀಮಂತ್ರು ನಾವು," ಎಂದು ಗುರುದೇವಿ ನಕ್ಕಳು.

ತಿಂಗಳಾದ ಮೇಲೆ ಬಿಲ್ಲು ಬಂತು. ತೊಂಬತ್ತೆರಡು ಸಾವಿರ. ಬಳಕೆ ಏರಿದ್ದರ ಬಗ್ಗೆ ಬಾಳೇಶ ಅಂದುಕೊಂಡದ್ದನ್ನೆಲ್ಲ ಹೇಳಿದ. ವರಲಕ್ಷ್ಮಿ ಎಲ್ಲವನ್ನೂ ನಂಬಿದರು.

"ನಿನ್ನ ಮೇಲೆ ಅನುಮಾನ ಇಲ್ಲ ಕಣಪ್ಪ," ಎಂದರು. "ಆದ್ರೆ ಬಿಲ್ಲು ಸಂಘದ ಹೆಸರಲ್ಲಿ ಇಲ್ವಲ್ಲ."

ಬಿಲ್ಲಿನ ಮೇಲೆ ಅವನ ಹೆಸರಿತ್ತು. ದರ ನೋಡಲು ಖಾತೆ ತೆರೆದಾಗ ಕಂಪನಿ ಕಾರ್ಡ್ ಕೇಳಿತ್ತು; ಚೆಕ್ಕಿನಲ್ಲೇ ವ್ಯವಹರಿಸುವ ಸಂಘಕ್ಕೆ ಕಾರ್ಡ್ ಇಲ್ಲವೆಂದು ತನ್ನದನ್ನೇ ಹಾಕಿದ್ದ. ಮೂರೂ ಶಾಖೆಗಳು ಅದೇ ಖಾತೆಯ ಮೇಲೆ, ಒಂದು ವರ್ಷದ ಕರಾರಿನಲ್ಲಿ ಓಡುತ್ತಿದ್ದವು. ಹೊಸ ವ್ಯವಸ್ಥೆ ಬಂದ ಮೇಲೆ ಸಂಘದ ಅಧ್ಯಕ್ಷರು ಮನೆಯಲ್ಲಿ ಕುಳಿತೇ ಮೊಬೈಲಿನಲ್ಲಿ ಶಾಖೆಗಳನ್ನು ನೋಡುವ ರೂಢಿ ಮಾಡಿಕೊಂಡಿದ್ದರಿಂದ ಕ್ಯಾಮೆರಾ ನಿಲ್ಲಿಸುವಂತೆಯೂ ಇರಲಿಲ್ಲ. ಸಭೆ ಒಪ್ಪಿದ ಹದಿನೆಂಟು ಸಾವಿರವನ್ನು ವರಲಕ್ಷ್ಮಿ ಅವನ ಹೆಸರಿಗೆ ಚೆಕ್ ಬರೆದರು. ಮಿಕ್ಕದ್ದು ಬೇಕೆಂದರೆ ಆಡಿಟರು ಬಂದು ಹಳೆಯ ಅಳತೆಯನ್ನೂ ಹೊಸ ಅಳತೆಯನ್ನೂ ತಾಳೆ ನೋಡಬೇಕಂತೆ. "ಕರೆಸ್ಲಾ?" ಎಂದು ಕಾಳಜಿಯಿಂದಲೇ ಕೇಳಿದರು. "ಬ್ಯಾಡ ಬಿಡ್ರಿ ಮೇಡಂ," ಎಂದ ಬಾಳೇಶ. ಮನೆಗೆಂದು ಇಟ್ಟಿದ್ದ ಲಕ್ಷದಿಂದ ಬಿಲ್ಲು ಕಟ್ಟಲು ಫೋನಿಗೆ ಬಂದ ಒಟಿಪಿಯನ್ನು ತಾನೇ ಒತ್ತಿದ. ಕೈಬಿಟ್ಟು ಹೋದದ್ದು ಎಪ್ಪತ್ತನಾಲ್ಕು ಸಾವಿರ ಮತ್ತು ಒಂದು ಮನೆ. ಕರಾರಿನಲ್ಲಿ ಇನ್ನೂ ಹನ್ನೊಂದು ತಿಂಗಳು ಉಳಿದಿತ್ತು.