ಮೋಸ್ತಾರಿನ ಸೇತುವೆ ದಾಟಿ ಬಂದವನು

ಪಕ್ಕದ ಫ್ಲ್ಯಾಟಿನ ಬಾಗಿಲು ಅರ್ಧ ತೆರೆದಿತ್ತು. ಲೋಲಾಕ್ಷಿ ಕರೆದಳು. ಉತ್ತರವಿಲ್ಲ. ಒಳಗೆ ಹೋದವಳು ಬೆಚ್ಚಿ ನಿಂತಳು. ನರ್ಸ್ ಅಮ್ರಾ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ತಲೆಯಿಂದ ರಕ್ತ ಹರಿದಿತ್ತು. ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಕೊರಳಲ್ಲಿ ಸದಾ ಇರುತ್ತಿದ್ದ ಅವಳ ತಾಯಿಯ ಚಿನ್ನದ ಸರ ಮಾಯವಾಗಿತ್ತು.

ಅದು 1994ರ ಜನವರಿ. ಕೊಲ್ಲಿ ದೇಶದ ಅಲ್ ಗುಬ್ರಾ ಬಡಾವಣೆಯ ಆ ಕಟ್ಟಡದಲ್ಲಿ ಉಡುಪಿಯ ಲೋಲಾಕ್ಷಿಗೂ ಬೋಸ್ನಿಯಾದ ಮೋಸ್ತಾರ್ ಊರಿನ ಅಮ್ರಾಳಿಗೂ ಗಾಢ ಸ್ನೇಹ. ಯುದ್ಧದ ನಡುವೆ ಅಮ್ರಾಳ ತಮ್ಮ ಮೋಸ್ತಾರಿನಲ್ಲೇ ಸಿಕ್ಕಿಕೊಂಡಿದ್ದ. ತಿಂಗಳುಗಳಿಂದ ಅವನ ಸುದ್ದಿಯಿರಲಿಲ್ಲ.

ಇನ್‌ಸ್ಪೆಕ್ಟರ್ ಸೌದ್ ವಿಚಾರಣೆಗೆ ಬಂದ. ಹಿಂದಿನ ದಿನ ಅಮ್ರಾಳ ಗೀಸರ್ ರಿಪೇರಿ ಮಾಡಿದವನು ಮೇಲಿನ ಮಹಡಿಯ, ಉಡುಪಿ ಕಡೆಯವನೇ ಆದ ಸ್ಟ್ಯಾನ್ಲಿ. ಸೌದ್ ಅವನನ್ನೇ ಠಾಣೆಗೆ ಕರೆದೊಯ್ದ. ಸ್ಟ್ಯಾನ್ಲಿಯ ಹೆಂಡತಿ ವಿಕ್ಟೋರಿಯಾ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

*

ಸಂಜೆ ಲೋಲಾಕ್ಷಿಯ ಮನೆಯ ಬೆಲ್ ಆಯಿತು. ಗಂಡ ಭೋಜರಾಜ ಕೆಲಸದ ಮೇಲೆ ದೂರದ ಸಲಾಲಾ ಪಟ್ಟಣಕ್ಕೆ ಹೋಗಿದ್ದ. ಅವಳೊಬ್ಬಳೇ.

ಬಾಗಿಲಲ್ಲಿ ಕೋಟು ತೊಟ್ಟ ಬಿಳಿಯನೊಬ್ಬ ನಿಂತಿದ್ದ. ತಾನು ಅಮ್ರಾಳ ದೊಡ್ಡಪ್ಪನ ಮಗ, ಮೋಸ್ತಾರಿನಿಂದ ಬಂದಿದ್ದೇನೆ ಎಂದ ಇಂಗ್ಲಿಷಿನಲ್ಲಿ. ಅವಳು ಒಳಗೆ ಕೂರಿಸಿದಳು. ಅಮ್ರಾಳಿಗೆ ಪ್ರಜ್ಞೆ ಬಂತೇ, ಏನಾದರೂ ಹೇಳಿದಳೇ ಎಂದು ಮತ್ತೆ ಮತ್ತೆ ಕೇಳಿದ. ಆಮೇಲೆ ಹೇಳಿದ:

"ಅವಳ ತಮ್ಮ ಕ್ಷೇಮವಾಗಿದ್ದಾನೆ. ಹೊಸ ವರ್ಷದ ದಿನ ಅವನೇ ನನ್ನನ್ನು ಹಳೇ ಸೇತುವೆ ದಾಟಿಸಿ ಕಳಿಸಿಕೊಟ್ಟ."

ಲೋಲಾಕ್ಷಿ ಎದ್ದು ನಿಂತಳು. ಚಹಾಕ್ಕೆ ಹಾಲಿಲ್ಲ, ಮೇಲಿನವರನ್ನು ಕೇಳುತ್ತೇನೆ ಎಂದು ಫೋನ್ ಎತ್ತಿದಳು. ಅಮ್ರಾಳನ್ನು ಹೊಡೆದವನು ಇಲ್ಲಿದ್ದಾನೆ, ಸೌದ್‌ನನ್ನು ಕರೆದುಕೊಂಡು ಬಾ ಎಂದು ವಿಕ್ಟೋರಿಯಾಗೆ ತುಳುವಿನಲ್ಲಿ ಹೇಳಿದಳು. ಹಾಲು ಕೇಳುವ ದನಿಯಲ್ಲೇ.

ಅವನು ಎದ್ದು ಬಾಗಿಲ ಚಿಲಕ ಹಾಕಿದ. ಮತ್ತೆ ಎದುರು ಕುಳಿತ. ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಲೋಲಾಕ್ಷಿ ಟೀಪಾಯಿಯ ಮೇಲೆ ಎರಡು ಲೋಟಗಳನ್ನು ಜೋಡಿಸಿಟ್ಟಳು.

ಕೊನೆಗೂ ಬೆಲ್. ಹಾಲು ತಂದಿದ್ದೇನೆ ಎಂದಳು ವಿಕ್ಟೋರಿಯಾ. ಅವನೇ ಚಿಲಕ ತೆಗೆದ. ಅವಳ ಹಿಂದೆ ಸೌದ್ ನಿಂತಿದ್ದ.

*

ಸರ ಅವನ ಕೋಟಿನ ಒಳಜೇಬಿನಲ್ಲಿತ್ತು. ಅವನು ಮೋಸ್ತಾರನ್ನು ಕಂಡವನೇ ಅಲ್ಲ. ಹಡಗಿನ ಕೆಲಸ ಬಿಟ್ಟು ಬಂದವನು. ಕ್ಲಿನಿಕ್ಕಿನಲ್ಲಿ ಅಮ್ರಾಳಿಂದ ಚಿಕಿತ್ಸೆ ಪಡೆಯುವಾಗ ಅವಳ ಕಥೆ ಕೇಳಿದ್ದ. ಸ್ಟ್ಯಾನ್ಲಿ ಆ ರಾತ್ರಿಯೇ ಬಿಡುಗಡೆಯಾದ.

ನಿಮಗೆ ಹೇಗೆ ಗೊತ್ತಾಯಿತು ಎಂದು ಸೌದ್ ಕೇಳಿದ.

"ಆ ಸೇತುವೆ ನವೆಂಬರಿನಲ್ಲೇ ಶೆಲ್ ಬಿದ್ದು ನದಿಗೆ ಕುಸಿದಿತ್ತು ಸಾರ್. ನಮ್ಮ ಟಿವಿಯಲ್ಲೇ ನೋಡಿ ಅಮ್ರಾ ಅತ್ತದ್ದು. ಮೋಸ್ತಾರಿನವನಿಗೆ ಅದು ಗೊತ್ತಿಲ್ಲದೆ ಇರ್ಲಿಕ್ಕುಂಟಾ? ಮತ್ತೆ, ಅವಳು ಹೇಗಿದ್ದಾಳೆ ಅಂತ ಕೇಳ್ಲೇ ಇಲ್ಲ. ಪ್ರಜ್ಞೆ ಬಂತಾ, ಏನು ಹೇಳಿದಳು ಅಂತ ಮಾತ್ರ ಕೇಳಿದ."

ಅಮ್ರಾಳಿಗೆ ಪ್ರಜ್ಞೆ ಬಂದಾಗ ಉಳಿದದ್ದೂ ತಿಳಿಯಿತು. ತನ್ನ ಗೆಳೆಯನೊಬ್ಬ ನಿನ್ನ ತಮ್ಮನನ್ನು ನೋಡಿ ಬಂದಿದ್ದಾನೆ, ಸರ ಕೊಟ್ಟರೆ ತಮ್ಮನಿಗೆ ತಲುಪಿಸುತ್ತಾನೆ ಎಂದು ಆ ಕಳ್ಳ ಅವಳನ್ನು ನಂಬಿಸಲು ನೋಡಿದ್ದನಂತೆ. ಅವಳಿಗೂ ಸೇತುವೆಯ ಕಥೆಯನ್ನೇ ಹೇಳಿದ್ದ. ಸುಳ್ಳೆಂದು ತಿಳಿದು ಅವಳು ಫೋನಿನ ಕಡೆ ತಿರುಗಿದಾಗ ಹೊಡೆದಿದ್ದ.

ಲೋಲಾಕ್ಷಿ ಆಸ್ಪತ್ರೆಯ ಮಂಚದ ಪಕ್ಕ ಕುಳಿತು ಸರವನ್ನು ಅವಳ ಕೈಗಿತ್ತಳು. ಅಮ್ರಾ ಅದನ್ನು ನೋಡಲಿಲ್ಲ.

"ಹಾಗಾದರೆ ನನ್ನ ತಮ್ಮನನ್ನು ಯಾರೂ ನೋಡಿಲ್ಲವಾ?" ಎಂದು ಕೇಳಿದಳು.

ಲೋಲಾಕ್ಷಿ ಅವಳ ಕೈ ಹಿಡಿದುಕೊಂಡಳು.